ಸಹಾಯ ಬೇಕು: ಅಲಾಯ್ ವೀಲ್‌ಗಳ ಒಳಮೈ ಕ್ಲೀನ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನಿರುವುದು ದಾವಣಗೆರೆಯಲ್ಲಿ. ಅಪ್ಪ ಓಡಿಸುತ್ತಿದ್ದ ಕಾರು ಈಗ ನನ್ನ ಹತ್ತಿರ ಇದೆ. ಅದನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು ಅಂತ ತುಂಬಾ ಆಸೆ.

ಹೊಸ ಟೈರ್ ಹಾಕಿಸಲು ಚಕ್ರ ಬಿಚ್ಚಿಸಿದಾಗ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ವೀಲ್‌ಗಳ ಒಳಮೈ ನೋಡಿ ಬೇಜಾರಾಯಿತು. ಹೊರಗೆ ಪಳಪಳ, ಒಳಗೆ ಬ್ರೇಕ್ ಧೂಳು ಕರ್ರಗೆ ಸುಟ್ಟು ಹಿಡಿದಿದೆ. ಕೈಯಾಡಿಸಿದರೆ ಎಮರಿ ಪೇಪರ್ ಥರ ತರಿತರಿ. ಹಳೇ ಬ್ಯಾಲೆನ್ಸಿಂಗ್ ತೂಕ ಅಂಟಿಸಿದ್ದ ಕಡೆ ಗೋಂದು ಹಾಗೇ ಉಳಿದಿದೆ. ಒಂದು ವೀಲ್‌ನಲ್ಲಂತೂ ಟೈರ್ ಕೂರುವ ಅಂಚಿನ ಬಳಿ ಲ್ಯಾಕರ್ (ಮೇಲಿನ ರಕ್ಷಣೆಯ ಲೇಪ) ಎದ್ದು, ಅಡಿಯಲ್ಲಿ ಬಿಳಿ ಪುಡಿ ಕಾಣುತ್ತಿದೆ. ಆ ಟೈರ್‌ನಿಂದ ಗಾಳಿ ಸೋರುತ್ತಿತ್ತು, ಅದು ಅಲ್ಲಿಂದಲೇ ಇರಬೇಕು.

ಶಾಂಪೂ, ಬ್ರಷ್‌ಗೆ ಅದು ಜಗ್ಗಲಿಲ್ಲ. ವಾಟರ್ ಸರ್ವಿಸ್‌ನವರು "ಆಸಿಡ್ ಹಾಕಿ ಉಜ್ಜಿಬಿಡೋಣ ಸಾರ್" ಅಂದರು, ನಾನು ಬೇಡ ಅಂದೆ. ಅಲ್ಯೂಮಿನಿಯಂ ಅನ್ನು ಆಸಿಡ್ಡೂ ತಿನ್ನುತ್ತದೆ, ಕಾಸ್ಟಿಕ್ ಸೋಡಾನೂ ತಿನ್ನುತ್ತದೆ ಅಲ್ವಾ? ಬ್ರೇಕ್ ಧೂಳಿನಲ್ಲಿ ಕಬ್ಬಿಣದ ಪುಡಿ ಇರುವುದರಿಂದ, ಹಚ್ಚಿದಾಗ ನೇರಳೆ ಬಣ್ಣಕ್ಕೆ ತಿರುಗುವ ಐರನ್ ರಿಮೂವರ್ ಬಳಸೋಣ ಅಂತಿದ್ದೇನೆ. ವರ್ಷಗಟ್ಟಲೆ ಹಿಡಿದ ಪದರಕ್ಕೆ ಅದು ಸಾಕಾಗುತ್ತದಾ? ಲ್ಯಾಕರ್ ಕೆಡದಂತೆ ಗೋಂದು ತೆಗೆಯಲು ಏನು ಹಚ್ಚಬೇಕು?

ಲ್ಯಾಕರ್ ಎದ್ದ ವೀಲ್‌ಗೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಕಾಯಿಸುವುದು) ಮಾಡಿಸಿ ಅಂತಾರೆ. ಆದರೆ ಓವನ್ ಬಿಸಿ ಜಾಸ್ತಿಯಾದರೆ ಅಲಾಯ್‌ನ ಗಟ್ಟಿತನ ಕಡಿಮೆಯಾಗುತ್ತದೆ, ಅದೇ ನನ್ನ ಭಯ. ನಮ್ಮೂರಲ್ಲಿ, ಹರಿಹರದಲ್ಲಿ ಅಥವಾ ಚಿತ್ರದುರ್ಗದಲ್ಲಿ ಬಿಸಿ ನೋಡಿಕೊಂಡು ಈ ಕೆಲಸ ಮಾಡುವವರಿದ್ದರೆ ದಯವಿಟ್ಟು ತಿಳಿಸಿ. ನೀವೇ ಮಾಡಿಸಿದ್ದರೆ ಒಳಮೈಯ ಫೋಟೋ ಹಾಕಿ, ಖರ್ಚೂ ಹೇಳಿ.