ಡಿಡಂಟ್ ಹಾಕಿದರೂ ವಾಕ್ಯ ತಪ್ಪು ಅಂತಾರೆ, ಯಾಕೆ?

ಅರ್ಧಪುಟ:
ಎರಡು ತಿಂಗಳಿಂದ ದಿನಾ ಸ್ವಲ್ಪ ಇಂಗ್ಲಿಷ್ ಬರೆಯುತ್ತಿದ್ದೇನೆ. "ಇಲ್ಲ" ಅಂತ ಹೇಳಬೇಕಾದ ಕಡೆಯೇ ಎಡವುತ್ತೇನೆ. ನಿನ್ನೆ ಈ ಮೂರಕ್ಕೂ ಕೆಂಪು ಗೆರೆ ಬಿತ್ತು.

ಐ ಡಿಡಂಟ್ ವೆಂಟ್.
ಶಿ ಡೋಂಟ್ ಲೈಕ್ಸ್ ಇಟ್.
ಐ ಡೋಂಟ್ ಬ್ಯುಸಿ.

ಮುಗಿದುಹೋದ ವಿಷಯ ಅಲ್ವಾ, ಅದಕ್ಕೇ ವೆಂಟ್ ಹಾಕಿದೆ. ಗೋ ಅಂದರೆ ಈಗಿನ ಮಾತಾಗಲ್ವಾ? ನಿಯಮ ಬಾಯಿಪಾಠ ಮಾಡಿದ್ದೇನೆ, ಬರೆಯುವಾಗ ಒಂದೂ ನೆನಪಿಗೆ ಬರಲ್ಲ.

ಹಳೇಪೆನ್ನು:
ನಿಯಮ ಪಕ್ಕಕ್ಕಿಡಿ. "ನಾನು ಹೋದೆ" ಅನ್ನೋದನ್ನು ಕನ್ನಡದಲ್ಲೇ ಇಲ್ಲ ಮಾಡಿ ನೋಡಿ. "ನಾನು ಹೋಗಲಿಲ್ಲ" ಅಂತೀರಿ. "ಹೋದಲಿಲ್ಲ" ಅಂತ ಯಾವತ್ತಾದರೂ ಅಂದಿದ್ದೀರಾ? "ಹೋದೆ"ಯಲ್ಲಿದ್ದ ಭೂತಕಾಲ "ಲಿಲ್ಲ"ದೊಳಗೆ ಹೋಗಿ ಕೂತಿತು, ಈ ಕಡೆ ಉಳಿದದ್ದು ಬರೀ "ಹೋಗು". ಇಂಗ್ಲಿಷ್‌ನಲ್ಲೂ ಹಾಗೇ. ಕಾಲವನ್ನು ಡಿಡ್ ಹೊತ್ತುಕೊಂಡಾಯಿತು, ವೆಂಟ್ ಮತ್ತೆ ಹೊರಬೇಕಿಲ್ಲ. "ಐ ಡಿಡಂಟ್ ಗೋ."

ಎರಡನೆಯದಕ್ಕೂ ಇದೇ ಕಾಯಿಲೆ. ಶಿ ಬಂದಾಗ ಲೈಕ್‌ಗೆ ಅಂಟುವ "ಸ್" ಇರೋದು ಒಂದೇ. ಇಲ್ಲ ಅನ್ನುವಾಗ ಅದು ಲೈಕ್ ಬಿಟ್ಟು ಡು ಜೊತೆ ಸೇರಿ ಡಸ್ ಆಗುತ್ತದೆ. "ಶಿ ಡಸಂಟ್ ಲೈಕ್ ಇಟ್."

ಮೂರನೆಯದು ಬೇರೆ. ಇಲ್ಲ ತೆಗೆದು ಹೇಳಿ ನೋಡಿ: "ಐ ಆಮ್ ಬ್ಯುಸಿ." ಅಲ್ಲಿ ಆಮ್ ಇದೆ. ಆಮ್, ಈಸ್, ಆರ್, ವಾಸ್, ವರ್, ಕ್ಯಾನ್, ವಿಲ್, ಶುಡ್ ಇವಕ್ಕೆ ಡು ಸಹಾಯ ಬೇಡ, ನೇರವಾಗಿ ನಾಟ್ ಹಾಕಿದರೆ ಮುಗಿಯಿತು. "ಐ ಆಮ್ ನಾಟ್ ಬ್ಯುಸಿ." ಅದಕ್ಕೇ ನಾನು ಮೊದಲು ಹೌದು ವಾಕ್ಯ ಬರೆದು, ಇವರಲ್ಲಿ ಯಾರಾದರೂ ಇದ್ದಾರಾ ಅಂತ ನೋಡುತ್ತೇನೆ. ಇಲ್ಲದಿದ್ದರೆ ಮಾತ್ರ ಡು ಕರೆಯೋದು.

ಅಂದಹಾಗೆ ವಿಲ್ ಜೊತೆ ನಾಟ್ ಸೇರಿದರೆ ವೋಂಟ್. ಹಿಂದೆ ವಿಲ್‌ಗೆ ವೋಲ್ ಅನ್ನುವ ರೂಪವೂ ಇತ್ತು, ಅದು ಇಲ್ಲಿ ಉಳಿದುಕೊಂಡಿದೆ.

ಅರ್ಧಪುಟ:
"ಹೋದಲಿಲ್ಲ" ಓದಿ ಜೋರಾಗಿ ನಕ್ಕೆ. ಇನ್ನು ಮರೆಯಲ್ಲ. ಆದರೆ ಹ್ಯಾವ್ ಯಾವ ಗುಂಪು? "ಐ ಹ್ಯಾವಂಟ್ ಈಟನ್" ಸರಿ ಅಂದರು, "ಐ ಹ್ಯಾವಂಟ್ ಟೈಮ್" ತಿದ್ದಿದರು.

ಹಳೇಪೆನ್ನು:
ಅದು ಎರಡೂ ಕಡೆ ಓಡಾಡುತ್ತದೆ. ಈಟನ್ ಥರ ಇನ್ನೊಂದು ಕ್ರಿಯಾಪದಕ್ಕಿಂತ ಮೊದಲು ನಿಂತಾಗ ತಾನೇ ಸಹಾಯಕ, ನೇರ ನಾಟ್. ನಿಮ್ಮ ಹತ್ತಿರ ಏನೋ ಇದೆ ಅನ್ನುವಾಗ ಮಾಮೂಲಿ ಕ್ರಿಯಾಪದ, ಡು ಬೇಕು. "ಐ ಡೋಂಟ್ ಹ್ಯಾವ್ ಟೈಮ್." ನೀವು ಬರೆದದ್ದು ಹಳೇ ಬ್ರಿಟಿಷ್ ಬರಹದಲ್ಲಿ ಕಾಣುತ್ತದೆ, ಈಗ ಕಡಿಮೆ.

ಮೂಲೆಮನೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ಮಸ್ಟ್ ನಾಟ್ ಜೊತೆ ಹುಷಾರು. ಸಹೋದ್ಯೋಗಿಗೆ "ನಾಳೆ ಬರಬೇಕಿಲ್ಲ" ಅಂತ ಹೇಳೋಕೆ ಹೋಗಿ "ಯು ಮಸ್ಟ್ ನಾಟ್ ಕಮ್ ಟುಮಾರೋ" ಅಂತ ಮೆಸೇಜ್ ಹಾಕಿದ್ದೆ. ಅವರಿಗೆ ಅದು "ಬರಕೂಡದು" ಅಂತ ಕೇಳಿಸಿತು. ತಕ್ಷಣ ಫೋನ್ ಮಾಡಿ "ನಾನೇನು ತಪ್ಪು ಮಾಡಿದೆ?" ಅಂದರು! ಬರಬಾರದು ಅಂದರೆ ಮಸ್ಟ್ ನಾಟ್. ಬರಬೇಕಿಲ್ಲ ಅಂದರೆ ಡೋಂಟ್ ಹ್ಯಾವ್ ಟು.

ಅರ್ಧಪುಟ:
ಅಯ್ಯೋ, ಇದನ್ನು ನಾನೂ ಎಷ್ಟು ಜನಕ್ಕೆ ಕಳಿಸಿದ್ದೇನೋ. ಇವತ್ತಿನ ಒಂದು ವಾಕ್ಯ ನೋಡಿ: "ಐ ಡಿಡಂಟ್ ಡು ಎನಿಥಿಂಗ್." ಡು ಎರಡೆರಡು ಸಲ ಬಂತು. ಒಂದನ್ನು ತೆಗೆಯಲಾ?

ಹಳೇಪೆನ್ನು:
ಬೇಡ, ಎರಡೂ ಇರಲಿ. ಡಿಡ್ ಸಹಾಯಕ್ಕೆ ಬಂದದ್ದು, ಆಮೇಲಿನ ಡು "ಮಾಡು". ನಥಿಂಗ್ ಬದಲು ಎನಿಥಿಂಗ್ ಹಾಕಿದ್ದೀರಲ್ಲ, ಅದು ಸರಿ. ನೀವು ನಥಿಂಗ್ ಹಾಕುತ್ತೀರಿ, ಅದೇ ಮುಂದಿನ ತಪ್ಪು ಅಂತ ನಾನು ಕಾಯುತ್ತಿದ್ದೆ.