ಗೇಮ್ ನಡುವೆ ಪಿಸಿ ಬಂದ್ ಆಗ್ತದ: ಗ್ರಾಫಿಕ್ಸ್ ಕಾರ್ಡ್ ಹೋಗ್ಯಾದೇನು? ಎನ್‌ವಿಡಿಯಾ ಆರ್‌ಟಿಎಕ್ಸ್ 5090, 5080, 5070 ಟಿಐ ಒಳಗ ರಾಯಚೂರಿಗೆ ಯಾವುದು?

ಪ್ರಶ್ನೆ – ರಾಯಚೂರು

ನಮಸ್ಕಾರ್ರಿ ಎಲ್ಲಾರಿಗೂ. ಸಂಜೀ 7ರಿಂದ 10ರ ನಡುವೆ 4ಕೆ ಗೇಮ್ ಹಚ್ಚಿದ್ರ ಹತ್ತು-ಹದಿನೈದು ನಿಮಿಷಕ್ಕ ಪಿಸಿ ಒಮ್ಮೆಲೇ ಬಂದ್ ಆಗ್ತದ. ನೀಲಿ ಪರದೆ ಇಲ್ಲ, ಎರರ್ ಇಲ್ಲ. ಮಧ್ಯಾಹ್ನ ಆಡಿದ್ರ ಬಹಳ ಸಲ ಏನೂ ಆಗಂಗಿಲ್ಲ. ಬ್ರೌಸಿಂಗು, ಸಿನಿಮಾಕ್ಕ ಯಾವತ್ತೂ ತೊಂದರಿ ಬಂದಿಲ್ಲ.

ಪಿಸಿ ಹಿಂಗದ: ರೈಜನ್ 7 9800ಎಕ್ಸ್3ಡಿ ಪ್ರೊಸೆಸರ್, 32 ಜಿಬಿ ಡಿಡಿಆರ್5 ರ‍್ಯಾಮ್, ಆರ್‌ಟಿಎಕ್ಸ್ 3080 10 ಜಿಬಿ ಗ್ರಾಫಿಕ್ಸ್ ಕಾರ್ಡ್, 750 ವ್ಯಾಟ್ ಗೋಲ್ಡ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ, ಹಳೇದು, ಆರು ವರ್ಷ ಆಗ್ಯಾದ), 1000 ವಿಎ ಯುಪಿಎಸ್, 4ಕೆ 144 ಹರ್ಟ್ಸ್ ಮಾನಿಟರ್. ವಿಂಡೋಸ್ ಎರರ್ ಬರೆದಿಡೋ ಇವೆಂಟ್ ವ್ಯೂವರ್‌ನ್ಯಾಗ ಕರ್ನಲ್-ಪವರ್ 41 ಒಂದೇ ಕಾಣ್ತದ.

ಅಂಗಡಿಯವರು ಕಾರ್ಡ್ ಹೋಗ್ಯಾದ, ಸೀದಾ 5090 ಹಾಕ್ರಿ ಅಂತಾರ. ಇಲ್ಲಂದ್ರ ಇನ್ನೊಂದು 3080 ತಂದು ಎರಡೂ ಜೋಡಿಸ್ರಿ ಅಂದ್ರು. ಹೆಂಗೂ ಕಾರ್ಡ್ ಬದಲಿ ಮಾಡೂದದ. ಯಾವುದು ತಗೊಳ್ಳಲಿ?

ಉತ್ತರ – ಬಳ್ಳಾರಿ

ಮೊದಲು ಎರಡು ಕಾರ್ಡಿನ ಮಾತು ಬಿಡಿ. 3080ಗೆ ಎರಡು ಕಾರ್ಡು ಜೋಡಿಸುವ ಎನ್‌ವಿಲಿಂಕ್ ಕನೆಕ್ಟರೇ ಇಲ್ಲ. ಆ ಸಾಲಿನಲ್ಲಿ ಅದು ಇದ್ದದ್ದು 3090, 3090 ಟಿಐಗೆ ಮಾತ್ರ, ಈಗಿನ 5090ಗೂ ಇಲ್ಲ.

ಕಾರ್ಡ್ ಹೋಗಿದೆ ಎಂದು ಈಗಲೇ ಹೇಳಲು ಬರುವುದಿಲ್ಲ. ಕರ್ನಲ್-ಪವರ್ 41 ಹೇಳುವುದು ವಿಂಡೋಸ್ ಸರಿಯಾಗಿ ಮುಚ್ಚದೆ ನಿಂತಿತು ಎಂಬುದನ್ನಷ್ಟೇ. ಅದರ ವಿವರ ತೆಗೆದು ಬಗ್‌ಚೆಕ್‌ಕೋಡ್ (ವಿಂಡೋಸ್ ದಾಖಲಿಸುವ ಎರರ್ ಸಂಖ್ಯೆ) ನೋಡಿ. 0 ಇದ್ದರೆ ಹೆಚ್ಚಾಗಿ ಕರೆಂಟೇ ತಪ್ಪಿರುತ್ತದೆ. ಡ್ರೈವರ್ ಬಿದ್ದಿದ್ದರೆ ಪರದೆ ಕಪ್ಪಾಗುತ್ತದೆ, ಆದರೆ ಪಿಸಿ ಫ್ಯಾನುಗಳು ತಿರುಗುತ್ತಲೇ ಇರುತ್ತವೆ, ಇವೆಂಟ್ ವ್ಯೂವರ್‌ನಲ್ಲಿ ಡಿಸ್‌ಪ್ಲೇ ಡ್ರೈವರಿನ ಎರರ್ ಸಿಗುತ್ತದೆ.

ಮೂರು ವಿಷಯ ತಿಳಿಸಿ. ಪಿಸಿ ನಿಂತಾಗ ಮಾನಿಟರ್ ದೀಪ ಉಳಿಯುತ್ತದಾ? ಅದೇ ಹೊತ್ತಿಗೆ ಯುಪಿಎಸ್ ಒಳಗಿನ ರಿಲೇ (ಬ್ಯಾಟರಿಗೆ ಬದಲಿಸುವ ಸ್ವಿಚ್) ಟಕ್ ಅನ್ನುತ್ತದಾ? ಪವರ್ ಬಟನ್ ಒತ್ತಿದರೆ ತಕ್ಷಣ ಏಳುತ್ತದಾ, ಅಥವಾ ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡಬೇಕಾಗುತ್ತದಾ?

ಪ್ರಶ್ನೆ ಕೇಳಿದವರು – ರಾಯಚೂರು

ಬಗ್‌ಚೆಕ್‌ಕೋಡ್ 0 ಅದ. ಮಾನಿಟರ್ ದೀಪ ಉಳೀತದ, "ಸಿಗ್ನಲ್ ಇಲ್ಲ" ಅಂತ ತೋರಿಸ್ತದ. ರೂಟರ್ ಸುದ್ದಾ ಅದೇ ಯುಪಿಎಸ್ ಮ್ಯಾಲೆ ಅದ, ಅದೂ ಬಂದ್ ಆಗಂಗಿಲ್ಲ. ರಿಲೇ ಟಕ್ ಅಂತದ, ಹೌದ್ರಿ, ಪ್ರತಿ ಸಲ. ಬಟನ್ ಒತ್ತಿದ ಕೂಡಲೇ ಏಳ್ತದ.

ಉತ್ತರ – ಕೊಪ್ಪಳ

ಹಂಗಾರ ಕಾರ್ಡಿನ ತಪ್ಪು ಕಾಣವಲ್ಲದು. ಮಾನಿಟರ್, ರೂಟರ್ ಎರಡೂ ಉಳಿದಾವು ಅಂದ್ರ ಯುಪಿಎಸ್ ಓವರ್‌ಲೋಡ್ ಆಗಿ ಪೂರ್ತಿ ಬಂದ್ ಆಗಿಲ್ಲ. ಬಟನ್ ಒತ್ತಿದ ಕೂಡಲೇ ಏಳ್ತೈತಿ ಅಂದ್ರ ಎಸ್‌ಎಂಪಿಎಸ್ ಸೇಫ್ಟಿಗೆ ಬಿದ್ದು ಲಾಕ್ ಆಗಿದ್ದೂ ಅಲ್ಲ. ಒಂದು ಗಳಿಗಿ ಕರೆಂಟ್ ತಪ್ಪೈತಿ, ಅಷ್ಟ.

ಸಂಜಿಗೆ ಲೋಡ್ ಏರಿ ವೋಲ್ಟೇಜ್ ಇಳೀತೈತಿ. ಬಹಳ ಇಳಿದಾಗ ಯುಪಿಎಸ್ ಬ್ಯಾಟರಿಗೆ ಹಾರತೈತಿ. ಸಾದಾ ಯುಪಿಎಸ್ ಹಾರೂದಕ್ಕ 4ರಿಂದ 10 ಮಿಲಿಸೆಕೆಂಡ್ ಹಿಡೀತೈತಿ. ಅಷ್ಟು ಹೊತ್ತು ಪಿಸಿ ನಡೆಯೂದು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರಿನ್ಯಾಗ ಉಳಿದ ಶಕ್ತಿ ಮ್ಯಾಲೆ. ಬ್ರೌಸಿಂಗ್‌ನ್ಯಾಗ ನೂರು ವ್ಯಾಟ್ ಎಳೆದ್ರ ಅದು ಆರಾಮ ದಾಟತೈತಿ. ಗೇಮಿನ್ಯಾಗ 480 ವ್ಯಾಟ್ ಎಳೆದಾಗ ಲಗೂನ ಬರಿದಾಗತೈತಿ. ಆರು ವರ್ಷ ನಮ್ಮ ಕಡೆ ಬಿಸಿಲಿನ್ಯಾಗ ಬೆಂದ ಕೆಪಾಸಿಟರ್ ಹೊಸದರಷ್ಟು ಹಿಡಿಯೂದಿಲ್ಲ. ಮ್ಯಾಲೆ, ಅಗ್ಗದ ಯುಪಿಎಸ್ ಬ್ಯಾಟರಿ ಮ್ಯಾಲೆ ಕೊಡೂದು ಪ್ಯೂರ್ ಸೈನ್ (ಗ್ವಾಡಿ ಕರೆಂಟಿನಂಥ ನುಣುಪು ಅಲೆ) ಅಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಆ್ಯಕ್ಟಿವ್ ಪಿಎಫ್‌ಸಿ (ಗ್ವಾಡಿಯಿಂದ ಎಳೆಯೋ ಕರೆಂಟನ್ನ ಹದಕ್ಕ ತರೋ ಸರ್ಕ್ಯೂಟ್) ಇರೋ ಎಸ್‌ಎಂಪಿಎಸ್ ಕೆಲವು ಅದಕ್ಕ ಒಗ್ಗೂದಿಲ್ಲ.

ಊಹೆ ಮ್ಯಾಲೆ ರೊಕ್ಕ ಹಾಕಬ್ಯಾಡ್ರಿ, ಹಿಂಗ ಪರೀಕ್ಷೆ ಮಾಡ್ರಿ:

1. ಯುಪಿಎಸ್ ಬಿಟ್ಟು, ಅರ್ಥಿಂಗ್ ಸರಿ ಇರೋ ಗ್ವಾಡಿ ಸಾಕೆಟ್‌ಗೆ ಪಿಸಿ ಹಚ್ಚಿ ಸಂಜಿ ಎರಡು ತಾಸು ಆಡ್ರಿ.
2. ಹಗಲೊತ್ತು, ವೋಲ್ಟೇಜ್ ಸರಿ ಇದ್ದಾಗ, ವಾಪಸ್ ಯುಪಿಎಸ್‌ಗೆ ಹಚ್ಚಿ ಗೇಮ್ ನಡೆಸ್ರಿ. ಗೇಮ್ ಸೇವ್ ಮಾಡಿ, ಬ್ಯಾರೆ ಫೈಲ್ ಎಲ್ಲಾ ಮುಚ್ಚಿ, ಯುಪಿಎಸ್‌ನ ಪ್ಲಗ್ಗಿಗೆ ಹೋಗೋ ಸ್ವಿಚ್ ಆಫ್ ಮಾಡ್ರಿ.
3. ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನ್ಯಾಗ ಕಾರ್ಡಿನ ಪವರ್ ಲಿಮಿಟ್ 60%ಕ್ಕ ಇಳಿಸಿ ಎರಡನೇದು ಮತ್ತೊಮ್ಮೆ ಮಾಡ್ರಿ.

ಕಾರ್ಡಿಗೆ ಎಷ್ಟು 8-ಪಿನ್ ಪವರ್ ಕನೆಕ್ಟರ್ ಅದಾವೋ ಅಷ್ಟು ಬ್ಯಾರೆ ಬ್ಯಾರೆ ಕೇಬಲ್ ಹಚ್ಚೀರೇನು, ಅದನ್ನೂ ನೋಡ್ರಿ. ಒಂದು 8-ಪಿನ್‌ನ ಲೆಕ್ಕ 150 ವ್ಯಾಟ್. ಒಂದೇ ಕೇಬಲಿನ ಎರಡು ಬಾಲ ಹಚ್ಚಿ 320 ವ್ಯಾಟಿನ ಕಾರ್ಡ್ ನಡೆಸೂದು ಒಳ್ಳೇದಲ್ಲ.

ಪ್ರಶ್ನೆ ಕೇಳಿದವರು – ರಾಯಚೂರು

ಮಾಡಿ ನೋಡಿದೆ. ಗ್ವಾಡಿಗೆ ಹಚ್ಚಿದ್ರ ಮೂರು ತಾಸು ಒಮ್ಮೆನೂ ಬಂದ್ ಆಗ್ಲಿಲ್ಲ. ಯುಪಿಎಸ್ ಸ್ವಿಚ್ ಆಫ್ ಮಾಡಿದ ಕೂಡಲೇ ಪಿಸಿ ಹೋಯ್ತು. ಪವರ್ ಲಿಮಿಟ್ 60 ಇಟ್ಟಾಗ ಉಳೀತು. ಕೇಬಲ್ ಒಂದೇ ಇತ್ತು, ಈಗ ಬ್ಯಾರೆ ಬ್ಯಾರೆ ಹಚ್ಚೀನಿ. ಆದ್ರೂ ಹೊಸ ಕಾರ್ಡ್ ಬೇಕೇ ಬೇಕು, 10 ಜಿಬಿ 4ಕೆಗೆ ಸಾಲವಲ್ದು.

ಉತ್ತರ – ಬಳ್ಳಾರಿ

ಕಾರಣ ಖಚಿತವಾಯಿತು: ಯುಪಿಎಸ್ ಬ್ಯಾಟರಿಗೆ ಹಾರುವಾಗ ಪಿಸಿ ನಿಲ್ಲುತ್ತಿದೆ, ಕಾರ್ಡ್ ಹೋಗಿಲ್ಲ. ಈಗ ಕಾರ್ಡಿನ ಮಾತು. ನಮ್ಮ ಮೂರು ಜಿಲ್ಲೆಗಳಲ್ಲಿ ಕಾರ್ಡನ್ನು ಗೋಡೆಯ ಕಡೆಯಿಂದ, ಅಂದರೆ ಸಾಕೆಟ್‌ನಿಂದ ಎಳೆಯುವ ವ್ಯಾಟ್‌ನಿಂದ, ಲೆಕ್ಕ ಹಾಕುತ್ತಾ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಪಟ್ಟಿ ಆಮೇಲೆ ನೋಡಿದರಾಯಿತು.

ಪ್ರೊಸೆಸರ್‌ಗೆ 100 ವ್ಯಾಟ್, ಬೋರ್ಡು, ರ‍್ಯಾಮು, ಫ್ಯಾನುಗಳಿಗೆ 60 ವ್ಯಾಟ್ ಹಿಡಿಯಿರಿ. ಎಸ್‌ಎಂಪಿಎಸ್ ದಕ್ಷತೆ 90%, ಮಾನಿಟರ್ 50 ವ್ಯಾಟ್.

5090: ಕಾರ್ಡ್ 575 ವ್ಯಾಟ್. ಗೋಡೆಯಿಂದ ಸುಮಾರು 865.
5080: ಕಾರ್ಡ್ 360 ವ್ಯಾಟ್. ಗೋಡೆಯಿಂದ ಸುಮಾರು 630.
5070 ಟಿಐ: ಕಾರ್ಡ್ 300 ವ್ಯಾಟ್. ಗೋಡೆಯಿಂದ ಸುಮಾರು 560.

ನಿಮ್ಮ 1000 ವಿಎ ಯುಪಿಎಸ್‌ನ ಲೇಬಲ್ ನೋಡಿ, ಬಹುತೇಕ 600 ವ್ಯಾಟ್ ಎಂದಿರುತ್ತದೆ. ವಿಎ ನೋಡಿ ಕೊಳ್ಳಬೇಡಿ, ವ್ಯಾಟ್ ನೋಡಿ. ಲೋಡು ಅದರ 70% ಒಳಗಿರಲಿ, ಏಕೆಂದರೆ ಈ ಕಾರ್ಡುಗಳು ಕಣ್ಣು ಮಿಟುಕಿಸುವುದರೊಳಗೆ ತಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚು ಎಳೆದು ಇಳಿಯುತ್ತವೆ. ಈ ಲೆಕ್ಕದಲ್ಲಿ 5070 ಟಿಐ, 5080 ಎರಡಕ್ಕೂ 900 ವ್ಯಾಟಿನ ಪ್ಯೂರ್ ಸೈನ್ ಯುಪಿಎಸ್ ನಡೆಯುತ್ತದೆ, 5080ಗೆ ಅಂಚಿನಲ್ಲಿ. 5090ಗೆ 1600 ವ್ಯಾಟಿನ 2 ಕೆವಿಎ ಬೇಕು. ಆನ್‌ಲೈನ್ ಯುಪಿಎಸ್ ಆದರೆ ಬ್ಯಾಟರಿಗೆ ಹಾರುವ ಪ್ರಶ್ನೆಯೇ ಬರುವುದಿಲ್ಲ, ಅದು ಸದಾ ಇನ್ವರ್ಟರ್ ಮೂಲಕವೇ ಕೊಡುತ್ತದೆ. ಫ್ಯಾನ್ ಸದ್ದು ಮಾತ್ರ ಸಹಿಸಬೇಕು.

ಇನ್ನು ಸಾಮರ್ಥ್ಯ. 5080ಗೆ 10752 ಕುಡಾ (CUDA) ಕೋರ್, ಅಂದರೆ ಲೆಕ್ಕ ಮಾಡುವ ಘಟಕ, 5070 ಟಿಐಗೆ 8960. ಎರಡಕ್ಕೂ 16 ಜಿಬಿ ಜಿಡಿಡಿಆರ್7 ಮೆಮೊರಿ, ಎರಡಕ್ಕೂ 256 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ). ಕೋರ್ 20% ಹೆಚ್ಚಿದ್ದರೂ ಗೇಮಿನಲ್ಲಿ ಅಷ್ಟು ಕಾಣುವುದಿಲ್ಲ. 5090 ಬೇರೆಯೇ ವರ್ಗ: 21760 ಕೋರ್, 32 ಜಿಬಿ, 512 ಬಿಟ್. ಗೇಮಿನ ಜೊತೆ 3ಡಿ ರೆಂಡರಿಂಗ್, ಎಐ ಮಾಡೆಲ್ ಓಡಿಸುವ ಕೆಲಸವಿದ್ದರೆ ಆ 32 ಜಿಬಿಗೆ ಅರ್ಥವಿದೆ. ಬರೀ 4ಕೆ ಗೇಮಿಗಾದರೆ ನಾನು 5070 ಟಿಐ ಹಾಕಿ, ಉಳಿದ ಹಣ ಎಸ್‌ಎಂಪಿಎಸ್, ಯುಪಿಎಸ್‌ಗೆ ಹಾಕಿ ಎನ್ನುತ್ತೇನೆ. ರೇ ಟ್ರೇಸಿಂಗ್ ಹೆಚ್ಚು ಬಳಸದವರು ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಕೂಡ ನೋಡಬಹುದು. ಅದು 304 ವ್ಯಾಟ್, 16 ಜಿಬಿ, ಬಹಳ ಮಾಡೆಲ್‌ಗಳಲ್ಲಿ ಹಳೆಯ 8-ಪಿನ್ ಕನೆಕ್ಟರುಗಳೇ ಇವೆ.

ಉತ್ತರ – ಕೊಪ್ಪಳ

ಕನೆಕ್ಟರ್ ಅಂದ್ರಲ್ಲ, ಅದು ಮುಖ್ಯ ಐತಿ. ಈ ಎನ್‌ವಿಡಿಯಾ ಕಾರ್ಡುಗಳ 16-ಪಿನ್ ಪವರ್ ಕನೆಕ್ಟರ್‌ನ್ಯಾಗ ಕರೆಂಟ್ ಒಯ್ಯೋ 12 ವೋಲ್ಟ್ ಪಿನ್ ಆರೇ ಆರು. 5090ರ 575 ವ್ಯಾಟ್ ಅಂದ್ರ 48 ಆಂಪಿಯರ್, ಒಂದು ಪಿನ್ನಿಗೆ 8. ಪಿನ್ನಿನ ಮಿತಿ 9.5ರ ಹತ್ರ. ಒಂದೆರಡು ಪಿನ್ ಸಡಿಲ ಕುಂತು, ಉಳಿದವುಕ್ಕ ಭಾರ ಬಿದ್ರ ಮುಗೀತು, ಕರಗತೈತಿ. 5070 ಟಿಐ ಒಳಗ ಪಿನ್ನಿಗೆ 4ರ ಮ್ಯಾಲೆ ಸ್ವಲ್ಪ ಅಷ್ಟ. ಹಚ್ಚುವಾಗ ಕೇಳೋ ಸಪ್ಪಳ ನಂಬಬ್ಯಾಡ್ರಿ, ಟಾರ್ಚ್ ಹಿಡಿದು ನೋಡ್ರಿ, ನಡುವೆ ಸಂದು ಕಾಣಬಾರ್ದು. ಕನೆಕ್ಟರಿನಿಂದ 35 ಮಿಮೀ ತನಕ ಕೇಬಲ್ ನೆಟ್ಟಗ ಬರಲಿ, ಅಲ್ಲಿ ತನಕ ಬಗ್ಗಿಸಬ್ಯಾಡ್ರಿ. ಕ್ಯಾಬಿನೆಟ್ಟಿನ ಗ್ಲಾಸಿಗೆ ಕೇಬಲ್ ಒತ್ತತೈತೇನು ಅನ್ನೂದನ್ನ ಕೊಳ್ಳೂಕಿಂತ ಮೊದಲೇ ಅಳೀರಿ. ಮುಂದ ರೇಡಿಯೇಟರ್ ಇದ್ರ ಅದರ ದಪ್ಪ, ಫ್ಯಾನಿನ 25 ಮಿಮೀ ಎರಡೂ ಕಾರ್ಡಿನ ಜಾಗದಾಗ ಕಳೀರಿ.

ಬ್ಯಾಸಗಿ ಲೆಕ್ಕನೂ ಹಾಕ್ರಿ. ಪಿಸಿ ಎಳೆಯೋ ಕರೆಂಟ್ ಎಲ್ಲಾ ಕಡೀಕ ಕೋಣೆಯ ಬಿಸಿನ ಆಗತೈತಿ. ಒಂದು ಟನ್ ಎಸಿ ಹೊರಗ ಹಾಕೂದು 3.5 ಕಿಲೋವ್ಯಾಟ್. 5090 ಪಿಸಿ ಅದರ ಕಾಲು ಭಾಗ ತಾನೇ ತಿಂತೈತಿ. ಎಸಿ ಇಲ್ಲದ ಕೋಣೆ 42 ಡಿಗ್ರಿ ಇದ್ದಾಗ ಕಾರ್ಡಿಗೆ ಸಿಗೂದು 42 ಡಿಗ್ರಿ ಗಾಳಿ, ಎಷ್ಟು ಫ್ಯಾನ್ ಹಚ್ಚಿದ್ರೂ ಅಷ್ಟ. ಏಪ್ರಿಲ್, ಮೇ ಎರಡು ತಿಂಗಳು ಪವರ್ ಲಿಮಿಟ್ 80 ಇಡ್ರಿ. ಎಫ್‌ಪಿಎಸ್ ಕಡಿಮಿ ಆಗೂದು ಸ್ವಲ್ಪ, ಬಿಸಿ ಇಳಿಯೂದು ಬಹಳ.

ಧೂಳಿನ ಬಗ್ಗೆನೂ ಹೇಳಬೇಕು. ರಾಯಚೂರಿನ್ಯಾಗ ಹತ್ತಿ ಜಿನ್ನಿಂಗಿನ ಎಳಿ, ಅಕ್ಕಿ ಮಿಲ್ಲಿನ ಬೂದಿ. ಎಳಿ ಹೀಟ್‌ಸಿಂಕಿನ ಸಂದಿನ್ಯಾಗ ಕಂಬಳಿ ಹಂಗ ಕೂಡತೈತಿ. ಉಕ್ಕಿನ ಕಾರ್ಖಾನಿ ಇರೋ ಗಿಣಿಗೇರಿ, ತೋರಣಗಲ್ಲು ಕಡೆ ಇರೋರು ಧೂಳಿಗೆ ಮ್ಯಾಗ್ನೆಟ್ ಹಿಡಿದು ನೋಡ್ರಿ. ಅಂಟಿದ್ರ ಅದರಾಗ ಕಬ್ಬಿಣ ಐತಿ, ಬೋರ್ಡಿನ ಮ್ಯಾಲೆ ಕೂಡಾಕ ಬಿಡಬಾರ್ದು. ಒಳಗ ಊದೋ ಫ್ಯಾನ್ ಮೂರು, ಹೊರಗ ಎಳೆಯೋದು ಒಂದು ಇಟ್ರ ಗಾಳಿ ಫಿಲ್ಟರ್ ಮೂಲಕನ ಬರತೈತಿ, ಸಂದಿಯಿಂದ ಧೂಳು ಎಳಕೊಳ್ಳೂದಿಲ್ಲ. ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೀರಿ. ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನ್ ರೆಕ್ಕಿ ಬಟ್ಟಿನಿಂದ ಹಿಡೀರಿ, ಗರಗರ ತಿರುಗಿಸಿದ್ರ ಬೇರಿಂಗ್ ಹೋಗತೈತಿ.

ಪ್ರಶ್ನೆ ಕೇಳಿದವರು – ರಾಯಚೂರು

5070 ಟಿಐ, 850 ವ್ಯಾಟ್ ಎಸ್‌ಎಂಪಿಎಸ್, 900 ವ್ಯಾಟ್ ಪ್ಯೂರ್ ಸೈನ್ ಯುಪಿಎಸ್, ಇದಕ್ಕ ಬಂದೀನಿ. ಎಸ್‌ಎಂಪಿಎಸ್ ಆರಿಸುವಾಗ ಏನು ನೋಡಲಿ? ಹಳೇದು ಮಾಡ್ಯುಲರ್ (ಕೇಬಲ್ ಬಿಚ್ಚಿ ಹಚ್ಚೂದು) ಇತ್ತು, ಕೇಬಲ್ ಎಲ್ಲಾ ಕ್ಯಾಬಿನೆಟ್ ಹಿಂದ ಚಂದ ಕಟ್ಟೀನಿ. ಅವನ್ನೇ ಬಿಟ್ಟು ಡಬ್ಬಿ ಒಂದೇ ಬದಲಿ ಮಾಡಬಹುದೇನ್ರಿ?

ಉತ್ತರ – ಬಳ್ಳಾರಿ

ಎಸ್‌ಎಂಪಿಎಸ್‌ಗಳ ಮಾನದಂಡವಾದ ಎಟಿಎಕ್ಸ್ 3.1 ಎಂದಷ್ಟೇ ನೋಡಿ ಕೊಳ್ಳಬೇಡಿ. ಆ ಮಾನದಂಡ ಪೂರ್ತಿ ಲೋಡಿನಲ್ಲಿ ಹೋಲ್ಡ್-ಅಪ್ ಸಮಯವನ್ನು (ಕರೆಂಟ್ ತಪ್ಪಿದ ಮೇಲೂ ಪಿಸಿ ನಡೆಸುವ ಹೊತ್ತು) 12 ಮಿಲಿಸೆಕೆಂಡಿಗೆ ಇಳಿಸಿದೆ, ಮೊದಲು 17 ಇತ್ತು. ನಿಮ್ಮ ತೊಂದರೆ ಇದ್ದದ್ದೇ ಅಲ್ಲಿ. ಹಾಗಾಗಿ ವಿವರಪಟ್ಟಿಯಲ್ಲಿ 16ಕ್ಕಿಂತ ಹೆಚ್ಚು ಎಂದು ಬರೆದಿರುವುದನ್ನೇ ಆರಿಸಿ. 16-ಪಿನ್ ಕೇಬಲ್ ಎಸ್‌ಎಂಪಿಎಸ್‌ನದೇ ಇರಲಿ, ಅಡಾಪ್ಟರ್ ಬೇಡ. ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿ, ಡಬ್ಬಿಯ ಮೇಲಿನದಕ್ಕೂ ಕಾರ್ಡಿನ ಮೇಲಿನದಕ್ಕೂ ತಾಳೆ ನೋಡಿ.

ಹಳೆಯ ಕೇಬಲ್ ಒಂದನ್ನೂ ಉಳಿಸಬೇಡಿ. ಮದರ್‌ಬೋರ್ಡಿನ ಕಡೆಯ ತುದಿ ಎಲ್ಲ ಕಂಪನಿಯದೂ ಒಂದೇ, ಆದರೆ ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ಮಾನದಂಡವೂ ಇಲ್ಲ. ಕನೆಕ್ಟರ್ ಸಲೀಸಾಗಿ ಕೂರುತ್ತದೆ, ಒಳಗೆ 12 ವೋಲ್ಟ್ ಇರುವ ಜಾಗದಲ್ಲಿ ಗ್ರೌಂಡ್, 5 ವೋಲ್ಟ್ ಜಾಗದಲ್ಲಿ 12 ಇರಬಹುದು. ಆನ್ ಮಾಡಿದ ಕ್ಷಣಕ್ಕೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತವೆ. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆಯೂ ಹೀಗಾಗುತ್ತದೆ. ಕಟ್ಟಿದ ಟೈ ಎಲ್ಲ ಕತ್ತರಿಸಿ, ಸಾಟಾ ಪವರ್ ಕೇಬಲ್ (ಡಿಸ್ಕ್‌ಗಳಿಗೆ ಕರೆಂಟ್ ಒಯ್ಯುವುದು) ಸಮೇತ ಹಳೆಯದನ್ನೆಲ್ಲ ಹೊರಗೆ ತೆಗೆದು, ಹಳೆಯ ಎಸ್‌ಎಂಪಿಎಸ್ ಡಬ್ಬಿಯಲ್ಲೇ ಹಾಕಿಡಿ.