ರಿಯಲ್ ಎಸ್ಟೇಟ್ ಪ್ರೈವೇಟ್ ಇಕ್ವಿಟಿ ಕೆಲಸಕ್ಕೆ ಕನ್ಸಲ್ಟೆನ್ಸಿಗಳನ್ನು ಎಷ್ಟರ ಮಟ್ಟಿಗೆ ನೆಚ್ಚಿಕೊಳ್ಳಬಹುದು?

ಬಳ್ಳಾರಿ ಸಿ.ಎ. (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವಳು. ಸಿ.ಎ. ಮುಗಿಸಿ ಇಲ್ಲಿಯೇ ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಜೀನ್ಸ್ ಘಟಕಗಳು, ಅಕ್ಕಿ ಗಿರಣಿಗಳು, ವಾಣಿಜ್ಯ ಸಂಕೀರ್ಣ ಕಟ್ಟುವವರು ಸಲ್ಲಿಸುವ ಸಾಲದ ಪ್ರಸ್ತಾವಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಇವುಗಳಲ್ಲಿ ಕಟ್ಟಡಗಳ ಕಡತಗಳೇ ನನ್ನನ್ನು ಹೆಚ್ಚು ಸೆಳೆದಿರುವುದರಿಂದ, ಬೆಂಗಳೂರು ಅಥವಾ ಮುಂಬೈಯಲ್ಲಿರುವ ರಿಯಲ್ ಎಸ್ಟೇಟ್ ಪ್ರೈವೇಟ್ ಇಕ್ವಿಟಿ ಫಂಡ್‌ಗಳಿಗೆ (ಹೂಡಿಕೆದಾರರ ಹಣ ಒಟ್ಟುಗೂಡಿಸಿ ಕಟ್ಟಡ, ಯೋಜನೆಗಳಲ್ಲಿ ತೊಡಗಿಸುವ ಸಂಸ್ಥೆಗಳಿಗೆ) ಹೋಗಬೇಕೆಂದು ಯೋಚಿಸುತ್ತಿದ್ದೇನೆ. ಇಂಥ ಫಂಡ್‌ಗಳು ಪತ್ರಿಕೆಯಲ್ಲಾಗಲಿ ಜಾಲತಾಣದಲ್ಲಾಗಲಿ ಜಾಹೀರಾತು ಕೊಡುವುದನ್ನು ಕಂಡಿಲ್ಲ. ಎಲ್ಲವೂ ಅಭ್ಯರ್ಥಿಗಳನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಗಳ ಮೂಲಕವೇ ನಡೆಯುತ್ತದೆ ಎನ್ನುತ್ತಾರೆ. ಕೆಲವರಿಗೆ ರೆಸ್ಯೂಮ್ ಕಳುಹಿಸಿದೆ, ಉತ್ತರವಿಲ್ಲ. ಒಬ್ಬರು ಮಾತ್ರ ಫೋನ್ ಮಾಡಿ, ನೋಂದಣಿ ಶುಲ್ಕ ಕಟ್ಟಿದರೆ ಸಂದರ್ಶನ ಖಚಿತವೆಂದರು. ಊರಿನಲ್ಲಿ ಈ ಕ್ಷೇತ್ರವನ್ನು ಬಲ್ಲವರು ಯಾರೂ ಸಿಗದ ಕಾರಣ ಇಲ್ಲಿ ಕೇಳುತ್ತಿದ್ದೇನೆ: ಕನ್ಸಲ್ಟೆನ್ಸಿಗಳನ್ನು ಹೇಗೆ ಬಳಸಿಕೊಳ್ಳಬೇಕು, ಅಥವಾ ಬಿಟ್ಟೇಬಿಡಬೇಕೇ?

ಹೊಸಪೇಟೆಯಿಂದ ಬೆಂಗಳೂರಿಗೆ

ಮೇಡಂ, ಶುಲ್ಕ ಕೇಳಿದವರ ನಂಬರನ್ನು ಮೊದಲು ಬ್ಲಾಕ್ ಮಾಡಿ. ಈ ವ್ಯವಹಾರದಲ್ಲಿ ಹಣ ಕೊಡುವವರು ನೇಮಿಸಿಕೊಳ್ಳುವ ಸಂಸ್ಥೆಯವರೇ ಹೊರತು ಕೆಲಸ ಹುಡುಕುವವರಲ್ಲ. ನಮ್ಮ ದೇಶದಲ್ಲಿ ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಕನ್ಸಲ್ಟೆನ್ಸಿಗೆ ಕೊಡುವ ವಾಡಿಕೆ ಇದೆ. ಹಿರಿಯ ಹುದ್ದೆಗಳಿಗೆ ಇದು ಇನ್ನೂ ಹೆಚ್ಚಾಗಿರುತ್ತದೆ. ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲಷ್ಟೇ ಆ ಹಣ ಬರುವುದು ಸಾಮಾನ್ಯ, ಮತ್ತು ಸೇರಿದವರು ಕೆಲವೇ ತಿಂಗಳಲ್ಲಿ ಬಿಟ್ಟುಹೋದರೆ ಬದಲಿ ಅಭ್ಯರ್ಥಿಯನ್ನು ಉಚಿತವಾಗಿ ಕೊಡಬೇಕೆಂಬ ಷರತ್ತೂ ಇರುತ್ತದೆ.

ನಿಮಗೆ ಉತ್ತರ ಬಾರದಿರುವುದಕ್ಕೂ ಇದೇ ಕಾರಣ. ಫಂಡ್‌ನವರು "ಇದೇ ಕೆಲಸವನ್ನು ಇನ್ನೊಂದು ಫಂಡ್‌ನಲ್ಲೋ ಪ್ರಾಪರ್ಟಿ ಸಲಹಾ ಸಂಸ್ಥೆಯಲ್ಲೋ ಈಗಾಗಲೇ ಮಾಡುತ್ತಿರುವವರು ಬೇಕು" ಎಂದು ಹೇಳಿರುತ್ತಾರೆ. ಹಾಗಿರುವಾಗ ಬ್ಯಾಂಕಿನಿಂದ ಬಂದವರನ್ನು ಮುಂದಿಟ್ಟು ತನ್ನ ಗಿರಾಕಿಯ ನಂಬಿಕೆ ಕಳೆದುಕೊಳ್ಳಲು ಕನ್ಸಲ್ಟೆಂಟ್ ಏಕೆ ಒಪ್ಪುತ್ತಾನೆ? ನಿಮ್ಮ ಅರ್ಹತೆಯ ಬಗ್ಗೆ ಅವನಿಗೆ ಅನುಮಾನವಿಲ್ಲ. ನಿಮ್ಮನ್ನು ಯಾವ ಖಾನೆಯಲ್ಲಿ ಕೂರಿಸಬೇಕೆಂಬುದೇ ತಿಳಿದಿಲ್ಲ. ಆದ್ದರಿಂದ ಆ ಖಾನೆಯನ್ನು ನೀವೇ ಆರಿಸಿಕೊಂಡು ಅವನ ಕೈಗೆ ಕೊಡಬೇಕು.

ರಿಯಲ್ ಎಸ್ಟೇಟ್ ಪ್ರೈವೇಟ್ ಇಕ್ವಿಟಿ ಎಂಬುದು ಒಂದೇ ಕೆಲಸವಲ್ಲ. ಆಸ್ತಿ ಕೊಳ್ಳುವ ತಂಡವೇ ಬೇರೆ, ಕೊಂಡ ಕಟ್ಟಡಗಳ ಬಾಡಿಗೆ ಮತ್ತು ಖರ್ಚು ನೋಡಿಕೊಳ್ಳುವ ಅಸೆಟ್ ಮ್ಯಾನೇಜ್‌ಮೆಂಟ್ ತಂಡವೇ ಬೇರೆ, ಹೂಡಿಕೆದಾರರಿಂದ ಹಣ ಸಂಗ್ರಹಿಸುವವರೇ ಬೇರೆ. ಹೆಸರಿನಲ್ಲಿ ಇಕ್ವಿಟಿ (ಪಾಲು ಬಂಡವಾಳ) ಎಂದಿದ್ದರೂ ನಮ್ಮಲ್ಲಿ ಈ ಹಣದ ದೊಡ್ಡ ಪಾಲು ಬಿಲ್ಡರ್‌ಗಳಿಗೆ ಸಾಲದ ರೂಪದಲ್ಲಿಯೇ ಹೋಗಿದೆ. ಜಮೀನು ಕೊಳ್ಳಲು ಖಾಸಗಿ ಬಿಲ್ಡರ್‌ಗಳಿಗೆ ಬ್ಯಾಂಕುಗಳು ಸಾಲ ಕೊಡದಂತೆ ರಿಸರ್ವ್ ಬ್ಯಾಂಕ್ ಬಹುಕಾಲದಿಂದ ತಡೆದಿರುವುದು ನಿಮಗೆ ಗೊತ್ತೇ ಇದೆ. ಆ ಹಂತದ ಹಣ ಎನ್‌ಬಿಎಫ್‌ಸಿಗಳಿಂದ, ಅಂದರೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಂದ, ಬರುತ್ತಿತ್ತು. 2018ರಲ್ಲಿ ಮೂಲಸೌಕರ್ಯಕ್ಕೆ ಹಣ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಸಂಸ್ಥೆ ಕುಸಿದ ಮೇಲೆ ಅವುಗಳ ಕೈ ಬಿಗಿಯಾಯಿತು, ಸಾಲ ಕೊಡುವ ಕ್ರೆಡಿಟ್ ಫಂಡ್‌ಗಳಿಗೆ ಜಾಗ ತೆರೆಯಿತು. ಅರ್ಧಕ್ಕೆ ನಿಂತ ವಸತಿ ಯೋಜನೆಗಳಿಗಾಗಿ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸ್ವಾಮಿಹ್ ಫಂಡ್ ಕೂಡ ಸಾಲ ಕೊಡುವ ಫಂಡೇ. ಸಾಲದ ಪ್ರಸ್ತಾವ ಓದಿ, ಭದ್ರತೆ ಅಳೆದು, ಹಣ ಹೇಗೆ ವಾಪಸು ಬರುತ್ತದೆಂದು ಕೇಳುವ ಅಭ್ಯಾಸವಿರುವ ನಿಮಗೆ ಈ ಬಾಗಿಲು ಇಕ್ವಿಟಿ ಬಾಗಿಲಿಗಿಂತ ಹತ್ತಿರದ್ದು. ರೆಸ್ಯೂಮಿನ ಮೊದಲ ಸಾಲಿನಲ್ಲಿಯೇ "ರಿಯಲ್ ಎಸ್ಟೇಟ್ ಕ್ರೆಡಿಟ್" ಎಂದು ಬರೆದು, ನೀವು ಪರಿಶೀಲಿಸಿದ ಕಟ್ಟಡ ಸಾಲಗಳ ಮೊತ್ತ, ಹಂತ ಮತ್ತು ಫಲಿತಾಂಶವನ್ನು ಗ್ರಾಹಕರ ಹೆಸರು ಬಾರದಂತೆ ನಮೂದಿಸಿ. ಜೀನ್ಸ್ ಘಟಕಗಳ ವಿಷಯಕ್ಕೆ ಒಂದು ಸಾಲು ಸಾಕು.

ರಾಯಚೂರು ಎಚ್.ಆರ್.

ಮೇಲಿನ ಅಣ್ಣನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಕನ್ಸಲ್ಟೆನ್ಸಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಾನು ನೇಮಕಾತಿಯ ಕೆಲಸದಲ್ಲಿದ್ದವನು. ಸಂಸ್ಥೆಯಿಂದ ಮುಂಗಡ ಪಡೆದು, ಆ ಹುದ್ದೆಯನ್ನು ತಾವೊಬ್ಬರೇ ನಿರ್ವಹಿಸುವವರು ಹಿರಿಯ ಹುದ್ದೆಗಳಿಗೆ ಮಾತ್ರ ಇರುತ್ತಾರೆ. ನಿಮ್ಮ ಹಂತಕ್ಕೆ ಅವರು ಫೋನ್ ಮಾಡುವುದಿಲ್ಲ. ಉಳಿದವರಲ್ಲಿ ಸಾಫ್ಟ್‌ವೇರ್‌ನಿಂದ ಸಿಮೆಂಟ್‌ವರೆಗೆ ಎಲ್ಲ ಕ್ಷೇತ್ರಕ್ಕೂ ಜನ ಹುಡುಕುವವರನ್ನು ಬಿಟ್ಟು, ಹಣಕಾಸು ಮತ್ತು ರಿಯಲ್ ಎಸ್ಟೇಟ್ ಎರಡನ್ನೇ ನೋಡುವ ಕೆಲವರನ್ನು ಹಿಡಿದುಕೊಳ್ಳಿ. ಅವರು ಯಾರೆಂದು ತಿಳಿಯಲು ಫಂಡ್‌ಗಳಲ್ಲಿ ಕಿರಿಯ ಹುದ್ದೆಯಲ್ಲಿರುವ ಒಂದಿಬ್ಬರನ್ನು ಲಿಂಕ್ಡ್‌ಇನ್‌ನಲ್ಲಿ ಸಂಪರ್ಕಿಸಿ, "ನಿಮ್ಮನ್ನು ಇಲ್ಲಿಗೆ ತಂದವರು ಯಾರು?" ಎಂದು ನೇರವಾಗಿ ಕೇಳುವುದೇ ಉತ್ತಮ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮನ್ನು ಕೇಳದೆ ರೆಸ್ಯೂಮನ್ನು ಎಲ್ಲಿಗೂ ಕಳುಹಿಸಬಾರದೆಂದು ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಯಾರು ಯಾವ ಫಂಡ್‌ಗೆ ಕಳುಹಿಸಿದರೆಂಬ ಪಟ್ಟಿಯನ್ನು ನೀವೇ ಇಟ್ಟುಕೊಳ್ಳಿ. ಒಂದೇ ಹೆಸರು ಇಬ್ಬರು ಕನ್ಸಲ್ಟೆಂಟ್‌ಗಳಿಂದ ಬಂದರೆ ಶುಲ್ಕದ ಜಗಳಕ್ಕೆ ಅಂಜಿ ಫಂಡ್‌ನವರು ಆ ಹೆಸರನ್ನೇ ಪಕ್ಕಕ್ಕಿಡುವುದುಂಟು. ನೀವು ಈಗಾಗಲೇ ನೇರವಾಗಿ ಅರ್ಜಿ ಹಾಕಿರುವ ಕಡೆಯೂ ಇದೇ ತೊಂದರೆ. ನಿಮಗೆ ಪರಿಚಯವಿರುವ ಸಂಸ್ಥೆಗೆ ನೀವೇ ಬರೆಯಿರಿ. ದಾರಿಯೇ ಕಾಣದ ಕಡೆಗೆ ಮಾತ್ರ ಮಧ್ಯವರ್ತಿ ಇರಲಿ. ಸಣ್ಣ ಫಂಡ್‌ಗಳು ಶುಲ್ಕ ಉಳಿಯುತ್ತದೆಂದು ನೇರ ಪತ್ರಕ್ಕೆ ಸಂತೋಷದಿಂದಲೇ ಉತ್ತರಿಸುತ್ತವೆ.

ಬಳ್ಳಾರಿ ಸಿ.ಎ.

ಇಬ್ಬರಿಗೂ ಧನ್ಯವಾದಗಳು. ಕ್ರೆಡಿಟ್ ಕಡೆಯಿಂದ ಪ್ರವೇಶಿಸಬಹುದೆಂಬುದು ನನಗೆ ಹೊಳೆದಿರಲಿಲ್ಲ. ಒಂದು ಸಂದೇಹ: ನಾನು ಬ್ಯಾಂಕಿನ ನಮೂನೆಯಲ್ಲಿ ಲೆಕ್ಕ ಹಾಕುವವಳು. ಫಂಡ್‌ಗಳು ಬಯಸುವ ಮಾಡೆಲ್ (ಆದಾಯ, ಬೆಲೆ, ಲಾಭವನ್ನು ಅಂದಾಜಿಸುವ ಎಕ್ಸೆಲ್ ಲೆಕ್ಕಾಚಾರ) ನನಗೆ ಬರುತ್ತದೆಂದು ಕನ್ಸಲ್ಟೆಂಟ್‌ಗೆ ಹೇಗೆ ತೋರಿಸುವುದು? ಕೋರ್ಸ್ ಮಾಡಬೇಕೇ?

ಹೊಸಪೇಟೆಯಿಂದ ಬೆಂಗಳೂರಿಗೆ

ಪ್ರಮಾಣಪತ್ರಕ್ಕಿಂತ ನೀವೇ ಮಾಡಿದ ಒಂದು ಎಕ್ಸೆಲ್ ಕಡತ ಹೆಚ್ಚು ಕೆಲಸ ಮಾಡುತ್ತದೆ. ರೀಟ್‌ಗಳ (ಬಾಡಿಗೆ ತರುವ ಕಟ್ಟಡಗಳನ್ನು ಹೊಂದಿ, ಷೇರಿನಂತೆ ಯೂನಿಟ್‌ಗಳನ್ನು ಮಾರುವ ಟ್ರಸ್ಟ್‌ಗಳ) ವರದಿಗಳು ಸಾರ್ವಜನಿಕವಾಗಿರುವುದರಿಂದ ಅಲ್ಲಿಂದಲೇ ಆರಂಭಿಸಿ. 2019ರಲ್ಲಿ ಷೇರುಪೇಟೆಗೆ ಬಂದ ಎಂಬೆಸಿ ರೀಟ್ ದೇಶದ ಮೊದಲನೆಯದು. ಅದರ ಕಚೇರಿ ಕಟ್ಟಡಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿಯೇ ಇವೆ. ರೀಟ್‌ನ ಆಸ್ತಿಯಲ್ಲಿ ಶೇ. 80ರಷ್ಟಾದರೂ ನಿರ್ಮಾಣ ಮುಗಿದು ಬಾಡಿಗೆ ತರುವಂಥದ್ದಾಗಿರಬೇಕು, ಹಂಚಬಹುದಾದ ನಗದಿನಲ್ಲಿ ಶೇ. 90ನ್ನಾದರೂ ಹೂಡಿಕೆದಾರರಿಗೆ ಹಂಚಬೇಕು ಎಂಬುದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ. ಬಾಡಿಗೆ, ಖಾಲಿ ಜಾಗ, ಒಪ್ಪಂದಗಳ ಅವಧಿ ಎಲ್ಲವೂ ವರದಿಯಲ್ಲಿ ಸಿಗುತ್ತವೆ. ಒಂದು ಕಟ್ಟಡವನ್ನು ಆರಿಸಿಕೊಂಡು ಬಾಡಿಗೆಯಿಂದ ಖರ್ಚು ಕಳೆದು ನಿವ್ವಳ ಆದಾಯ ತೆಗೆಯಿರಿ, ಅದಕ್ಕೊಂದು ಕ್ಯಾಪ್ ರೇಟ್ (ಕಟ್ಟಡದ ಬೆಲೆಗೆ ವಾರ್ಷಿಕ ನಿವ್ವಳ ಆದಾಯ ಶೇಕಡಾ ಎಷ್ಟೆಂಬ ದರ) ಹಚ್ಚಿ ಬೆಲೆ ಕಟ್ಟಿ, ಐದು ವರ್ಷದ ನಂತರ ಮಾರಿದರೆ ಐಆರ್‌ಆರ್ (ಹೂಡಿದ ಹಣಕ್ಕೆ ಸಿಗುವ ವಾರ್ಷಿಕ ಪ್ರತಿಫಲದ ದರ) ಎಷ್ಟು ಬರುತ್ತದೆಂದು ನೋಡಿ. ಬಡ್ಡಿ ಶೇ. 1 ಏರಿದರೆ ಏನಾಗುತ್ತದೆಂಬುದನ್ನೂ ಸೇರಿಸಿ. ಸಂದರ್ಶನದಲ್ಲಿ ಕೇಳುವುದು ಅದನ್ನೇ.

ರಾಯಚೂರು ಎಚ್.ಆರ್.

ಆ ಕಡತವನ್ನು ಮೊದಲ ಇಮೇಲ್‌ನೊಂದಿಗೆ ಕಳುಹಿಸಬೇಡಿ, ಯಾರೂ ತೆರೆಯುವುದಿಲ್ಲ. ಕನ್ಸಲ್ಟೆಂಟ್ ಫೋನಿನಲ್ಲಿ ಮಾತನಾಡಿದ ಮೇಲೆ ಕಳುಹಿಸಿ. ನಿಮ್ಮ ಬ್ಯಾಂಕಿನ ನೋಟಿಸ್ ಅವಧಿ ಎಷ್ಟೆಂಬುದನ್ನೂ ಆ ಮಾತಿನಲ್ಲಿಯೇ ತಿಳಿಸಿಬಿಡಿ. ಮೂರು ತಿಂಗಳಿದ್ದರೆ ಅದನ್ನು ಹಣ ಕಟ್ಟಿ ಕಡಿಮೆ ಮಾಡಿಕೊಳ್ಳಬಹುದೇ ಎಂದು ನಿಮ್ಮ ನೇಮಕಾತಿ ಪತ್ರದಲ್ಲಿ ಮೊದಲೇ ನೋಡಿಟ್ಟುಕೊಂಡಿರಿ.